ಹನ್ನೊಂದನೇ ಮಗ್ಗ

ಇಪ್ಪತ್ತನಾಕು ಮಗ್ಗ ಒಮ್ಮೆಲೇ ಓಡೂ ಕಾರ್ಖಾನಿಯೊಳಗ
ಕಣ್ಣು ಮುಚ್ಚಿ ಹೇಳಾಂವ ನಾನು:
ಏಳರ ಪಟ್ಟಾ ಸಡಲಾಗ್ಯದ,
ಹತ್ತೊಂಬತ್ತರ ಲಾಳಿ ಕೂದಲೆಳಿಯಷ್ಟು ತಡಾ ಮಾಡ್ತದ.
ಮೂವತ್ತೊಂದು ವರ್ಷ, ಸೋಲಾಪುರದ ಅಕ್ಕಲಕೋಟ ರೋಡಿನಾಗ
ಜಾಬರ್ ಚಂದ್ರಾಮನ ಕಿವಿ ಅಂದ್ರ
ಮಾಲಕನೂ ಮಾತು ನಿಲ್ಲಸ್ತಿದ್ದ.

ಆ ಕಿವೀನೇ ಮೋಸ ಹೋತು.

ಬೋನಸ್ಸಿನ ವಾರ. ಎರಡನೇ ಪಾಳಿ ಮುಗಿಸಿ ಬಂದು
ವಿಡಿ ಘರಕುಲದ ಮನ್ಯಾಗ ಮಲಗೀನಿ,
ಎಲ್ಲೋ ಒಂದು ಮಗ್ಗ ತಾಳ ತಪ್ಪತದ.
ಖಟ್. ಖಟ್‌ಖಟ್. ಆಮ್ಯಾಲ ಏನಿಲ್ಲ. ಖಟ್.
ಎದ್ದು ಕೂತೆ. ಯಾವ ನಂಬರ?
ಕರೆಂಟ್ ಹೋಗಿತ್ತು, ಇಡೀ ಕಾಲೊನಿ ಗಪ್ಪಗಾರ.
ದಾನವ್ವ ನಿದ್ದಿಗಣ್ಣಾಗ ನನ್ನ ಎದಿ ಮ್ಯಾಲ ಕೈ ಇಟ್ಟಳು.
ದಿನಕ್ಕ ಸಾವಿರ ಬೀಡಿ ಸುತ್ತೂ ಕೈ ಅದು,
ಇಪ್ಪತ್ತೈದಕ್ಕೊಂದು ಕಟ್ಟು, ಎಂದೂ ತಪ್ಪಿದ್ದಿಲ್ಲ.
"ಎಣಿಸ್ಲಾಕ ಬರವಲ್ದಲ್ರೀ" ಅಂದಳು.

ಡಾಕ್ಟರ್ ಮುಲಾಣಿ ಬಾಯಿ ಉದ್ದನ ಕಾಗದ ಹರವಿದರು.
ಕಾಗದಲ್ಲ, ನಾನೇ ರಿಜೆಕ್ಟ್ ಮಾಡೂವಂಥ ಬಟ್ಟಿ:
ಗೆರಿ ಗೆರಿ ನಡುವಿನ ಸಂದು ಒಂದರ್ಹಾಂಗ ಇನ್ನೊಂದಿಲ್ಲ.
ಮ್ಯಾಲಿನ ಎರಡು ಖೋಲಿ ಬಡಕೊಳ್ಳವಲ್ವಂತ,
ಬರೇ ನಡುಗ್ತಾವಂತ.
ಸ್ಕ್ಯಾನಿನ ಚಿತ್ರದಾಗ
ಕಂಪ್ಯೂಟರ್ ಬಳದ ಹಳದಿ ಅಂಚು, ಹೃದಯದ ಸುತ್ತ.
"ಚರಬಿ" ಅಂದರು.

ನಾ ಒಳಗೊಳಗ ಕನ್ನಡ ಮಾಡಿಕೊಂಡೆ: ಕೊಬ್ಬು.
ಹದಿನಾರರಾಗ ಅವ್ವ ಬೈದದ್ದೂ ಅದೇ ಮಾತು,
ಉಣ್ಣೂ ತಾಟು ದೂಡಿದ ದಿನ.
ನೋಡ್ಬೇ ಅವ್ವಾ, ಈಗ
ಹೊಟ್ಟಿ ಇಲ್ಲ, ಕುತಿಗಿ ಸಣ್ಣಂದು,
ಪ್ಯಾಂಟು ಇನ್ನೂ ಮದುವಿ ಅಳತೀದು.
ಯಾರೂ ನೋಡದಲ್ಲಿ ಬಂದು ಕೂತದ.

"ಹೊದಿಕಿ ಅಂತ ತಿಳೀಬ್ಯಾಡ್ರಿ, ಅದು ಸುಮ್ಮ ಕೂತಿಲ್ಲ.
ಎಳಿ ಎಳಿಯಾಗಿ ಗೋಡ್ಯಾಗ ಇಳೀತದ,
ಉರಿ ಎಬ್ಬಸ್ತದ, ಕರೆಂಟಿನ ಹಾದಿ ಕೆಡಸ್ತದ.
ಎಷ್ಟು ಇದರ ತಪ್ಪು, ಎಷ್ಟು ಬೀಪೀದು, ಎಷ್ಟು ವಯಸ್ಸಿಂದು,
ಖರೇ ಹೇಳ್ತೀನಿ, ತೂಗೂ ತಕ್ಕಡಿ ನಮ್ಮಲ್ಲಿಲ್ಲ."

ನನಗದು ಹೊಸಾದಲ್ಲ.
ಹತ್ತಿ ಜೂಲು ಗಾಳ್ಯಾಗ ತೇಲಿ ಬಂದು
ಗೇರಿನ ಎಣ್ಣಿ ಮ್ಯಾಲ ಕೂಡತದ,
ಮೊದಲ ಮೆತ್ತಗ, ಬೆಕ್ಕಿನ ಮೈಯ್ಹಾಂಗ.
ಆಮ್ಯಾಲ ಹಲ್ಲಿನ ಸಂದಿಗಿಳದು ಕಲ್ಲಾಗ್ತದ.
"ಕಂಪ್ರೆಸರ್ ಹಿಡದು ಊದಿಬಿಡ್ರೆಲ್ಲ" ಅಂದೆ.
ಬಾಯಿ ನಕ್ಕರು. ರಕ್ತ ತೆಳು ಮಾಡೂ ಗುಳಿಗಿ ಬರದರು,
ಶೇಂಗಾ ಚಟ್ನಿ ಮ್ಯಾಲಿನ ಎಣ್ಣಿ ಬಿಡ್ರಿ ಅಂದರು,
ದಿನಾ ಕೆರಿ ಸುತ್ತ ನಡೀರಿ.

ಹೊರಗ ರಿಕ್ಷಾಕ್ಕ ಕಾಯೂ ಮುಂದ
ನೆನಪಾತು ಹನ್ನೊಂದನೇ ಮಗ್ಗ.
ಹೋದ ಶ್ರಾವಣದಾಗ ನಾನೇ ಸಹಿ ಮಾಡಿದ್ದೆ:
ತಾಳ ನಿಲ್ಲವಲ್ದು, ಭಂಗಾರಕ್ಕ ಹಾಕ್ರಿ.
ಗಾಡಿಯಾಂವ ಕಿಲೋದ ಲೆಕ್ಕದಾಗ ತೂಗಿದ.
ಎತ್ತಿ ಏರಿಸೂ ಮುಂದ
ಹೊಟ್ಟಿಯೊಳಗಿಂದ ಒಂದು ಹಿಡಿ ಜೂಲು ಉದರಿತು,
ಎಣ್ಣಿ ಕುಡದ ಕರೀ ಜೂಲು.
ಒಂದು ದಿನ ಬಿಚ್ಚಿ ತೊಳದು ನೋಡಬಹುದಿತ್ತು.
ಟಾವೆಲ್ಲಿನ ಆರ್ಡರಿತ್ತು. ನೋಡಲಿಲ್ಲ.

ಮರಾಠಿಯೊಳಗ ಭಂಗಾರ ಅಂದ್ರ ಗುಜರಿ,
ನಮ್ಮ ಮಾತಿನಾಗ ಬಂಗಾರ ಅಂದ್ರ ಬಂಗಾರೇ.
ಈ ಊರಾಗ ಎರಡೂ ಒಂದೇ ಓಣ್ಯಾಗ ಮಾರ್ತಾರ.
ನಡುವ ಇರೂದು ಒಂದು ಮಹಾಪ್ರಾಣ,
ಅಷ್ಟೇ.

ನಿನ್ನಿ ರಾತ್ರಿ ಮತ್ತ ಬಂತು.
ದಾನವ್ವ ಈ ಸಲ ಎಣಿಸಲಿಲ್ಲ.
ತಂಬಾಕಿನ ವಾಸನಿ ಅಂಗೈ ಎದಿ ಮ್ಯಾಲ ಹಾಂಗೇ ಇಟ್ಟು
"ನಾಳಿ ಕೆರಿಗಿ ನಾನೂ ಬರ್ತೀನಿ" ಅಂದಳು,
ಅಂದಾಕಿನೇ ಗೊರಕಿ ಹೊಡೀಲಾಕ ಹತ್ತಿದಳು.
ಅದರ ತಾಳ ಸರಿ ಇತ್ತು.
ನಾ ಅದನ್ನೇ ಕೇಳಕೋತ ಬಿದ್ದಕೊಂಡೆ.